ಎಮ್ಮೆಗೆ ಹೋರಿಯ ಹೆಸರು

ನಮ್ಮ ಸೋದರಮಾವ ಈ ಜನ್ಮದಲ್ಲಿ ಒಂದೇ ಒಂದು ವಾದವನ್ನೂ ಸೋತವರಲ್ಲ. ಹಾಗೆಂದ ಮಾತ್ರಕ್ಕೆ ಭಾರಿ ಬುದ್ಧಿವಂತರೆಂದು ತಿಳಿಯಬೇಡಿ! ಸೋಲಿನ ವಾಸನೆ ಮೂಗಿಗೆ ಬಡಿದ ಕೂಡಲೇ ಎದುರಾಳಿಯ ಕಡೆಗೆ ಜಿಗಿದು, ತಾವು ಅಷ್ಟು ಹೊತ್ತು ಹೇಳಿದ್ದನ್ನೆಲ್ಲ ನಾವೇ ಹೇಳಿದೆವೆಂಬಂತೆ ನಮ್ಮನ್ನು ಬೈಯತೊಡಗುತ್ತಾರೆ. ಇನ್ನು ಯಾರಾದರೂ ಅವರ ಮಾತನ್ನು ಒಪ್ಪಿಬಿಟ್ಟರೋ, ಕೆಟ್ಟಿತು. ಕೆಲವರಿಗೆ ಬದನೆಕಾಯಿ ತಿಂದರೆ ಮೈ ತುರಿಸುವುದಿಲ್ಲವೇ? ಮಾವನಿಗೆ ಒಪ್ಪಿಗೆ ಹಾಗೆ. ಮೈಗೆ ಆಗಿಬರುವುದಿಲ್ಲ.

ಒಂದು ಏಪ್ರಿಲ್ ಮಧ್ಯಾಹ್ನ ದಾವಣಗೆರೆಯ ಆನೆಕೊಂಡದಲ್ಲಿರುವ ಅವರ ಮನೆಗೆ ಬೆವರುತ್ತ ಹೋಗಿ, "ಏನ್ ಬಿಸಿಲು ಮಾವಾ!" ಎಂದೆ.

"ಎಲ್ಲೈತೆ ಬಿಸಿಲು? ಇದನ್ನ ಬಿಸಿಲಂತಾರಾ? ಈಗಿನ ಹುಡುಗ್ರು ಬೆಣ್ಣೆಗಿಂತ ಮೊದ್ಲು ಕರಗ್ತೀರಿ."

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಮೇಷ್ಟ್ರು ಬಂದರು. ನಾವು ಮಾತಾಡಿದ್ದು ಕಿವಿಗೆ ಬಿದ್ದಿತ್ತೇನೋ, "ಹೌದ್ರಿ, ಈ ಸಲ ಅಂಥಾ ಬಿಸಿಲೇನಿಲ್ಲ ಬಿಡ್ರಿ" ಎಂದರು.

ಮಾವ ಕೂತಲ್ಲಿಂದ ಎದ್ದೇಬಿಟ್ಟರು. "ಏನಂತೀರಿ ಮೇಷ್ಟ್ರೇ! ತಲೆ ಮ್ಯಾಲೆ ಜ್ವಾಳ ಇಟ್ರೆ ಅರಳಾಗ್ತಾವೆ. ಬಿಸಿಲಿಲ್ಲ ಅಂತೀರಲ್ಲ, ನಿಮ್ ಮೈ ಚರ್ಮದ್ದಾ, ತಗಡಿಂದಾ?"

ಹೈಸ್ಕೂಲಿನಿಂದ ಲಾ ಕಾಲೇಜಿನವರೆಗೆ ನಾನು ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳನ್ನೆಲ್ಲ ಕರಗಿಸಿದರೆ ಒಂದು ಹಂಡೆ ಆದೀತು. ಅದರ ಮೇಲೆ ಮಾವನ ಹೆಸರನ್ನೇ ಕೆತ್ತಿಸಬೇಕು. ಪರ, ವಿರೋಧ ಎರಡೂ ಕಡೆ ಒಂದೇ ಸಿಟ್ಟಿನಿಂದ ಮಾತಾಡುವುದನ್ನು ಕಲಿತದ್ದು ಅವರ ಜಗುಲಿಯಲ್ಲೇ. ಎರಡರಲ್ಲಿ ಯಾವುದು ಸರಿ ಎಂಬ ಅನುಮಾನ ಮಾತ್ರ ನನ್ನದೇ; ಅದನ್ನು ಯಾರೂ ಕಲಿಸಲಿಲ್ಲ.

ಇಂಥ ಮಾವ ಜೀವನದಲ್ಲಿ ಎಂದೂ ಪಕ್ಷ ಬದಲಾಯಿಸದೆ ಇದ್ದದ್ದು ಒಂದೇ ವಿಷಯದಲ್ಲಿ. ಅದು ಅವರ ಕಾರು.

ಕಂಪನಿಯ ಹೆಸರು ಬೇಡ. ಕಾನೂನು ಓದುತ್ತಿರುವವಳು ನಾನು, ಪರೀಕ್ಷೆ ಮುಗಿಯುವ ಮೊದಲೇ ಕೋರ್ಟು ನೋಡುವ ಆಸೆ ಇಲ್ಲ. ಕಾರಿನ ಹೆಸರು ಟೊರೆಲ್ಲೊ ಎಂದಿಟ್ಟುಕೊಳ್ಳಿ. ಯಾವುದೋ ದೇಶದ ಭಾಷೆಯಲ್ಲಿ ಹಾಗೆಂದರೆ ಎಳೇ ಹೋರಿಯಂತೆ. ಎರಡೇ ಬಾಗಿಲು, ಎರಡೇ ಸೀಟು, ಕೆಂಪು ಬಣ್ಣ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಮಲಗಿದಂಥ ಆಕಾರ. ಒಂದು ಕಾಲದಲ್ಲಿ ಇದನ್ನು ರೇಸಿನಲ್ಲಿ ಓಡಿಸುತ್ತಿದ್ದರಂತೆ. ಮಾವನ ಕಣ್ಣಿಗೆ ಬಿದ್ದಾಗ ಅದು ಹರಿಹರದ ಹಳೇ ಗೋಡೌನೊಂದರಲ್ಲಿ ರೇಸಿನಿಂದ ನಿವೃತ್ತಿ ಪಡೆದು ಕೋಳಿ ಸಾಕಣೆಯಲ್ಲಿ ತೊಡಗಿತ್ತು. ಡ್ರೈವರ್ ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. "ಕುಂತವರನ್ನ ಎಬ್ಬಿಸಬಾರ್ದು" ಎಂದು ಮಾವ ಮರಿ ಹೊರಬರುವವರೆಗೆ ಕಾದು, ಆಮೇಲೆ ಕಾರನ್ನು ಮನೆಗೆ ಎಳೆದು ತಂದರು.

ಊರಂಚಿನ ಕರೂರು ಕೈಗಾರಿಕಾ ಪ್ರದೇಶದಲ್ಲಿ ಮಾವನದೊಂದು ಲೇತ್ ವರ್ಕ್‌ಶಾಪ್ ಇದೆ. ಆ ಕಾರಿನ ಬಿಡಿಭಾಗಗಳು ಅಂಗಡಿಯಲ್ಲಿ ಸಿಗುವ ಕಾಲ ಮುಗಿದಿತ್ತು. ಹಾಗಾಗಿ ಒಂದೊಂದೇ ಭಾಗ ಸವೆದಂತೆಲ್ಲ ಮಾವ ಕರೂರಿನಲ್ಲೇ ಕಡೆದು ಕೂಡಿಸಿದರು. ವರ್ಷಗಳು ಉರುಳಿದವು. "ಮಾವ, ಈಗ ಇದರಲ್ಲಿ ಕಂಪನಿಯದು ಏನು ಉಳಿದಿದೆ?" ಎಂದು ಕೇಳಿದರೆ ಬಾನೆಟ್ಟಿನ ಮೇಲಿನ ಅಕ್ಷರಗಳನ್ನು ತೋರಿಸುತ್ತಿದ್ದರು. "ಹೆಸರು."

ಈ ಹೋರಿಗೆ ಒಂದೇ ಒಂದು ವೈರಿ. ರಸ್ತೆ ಉಬ್ಬು! ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಹಳೇ ಹಾದಿಯಲ್ಲಿ ಶಾಲೆಗೊಂದು, ಗುಡಿಗೊಂದು, ಊರಿನ ಮುಖಂಡರ ಮನೆಗೊಂದು ಉಬ್ಬು. ಪ್ರತಿ ಉಬ್ಬಿನಲ್ಲೂ ಕಾರಿನ ಹೊಟ್ಟೆ ಸಿಕ್ಕಿಕೊಳ್ಳುತ್ತಿತ್ತು. ಅದಕ್ಕೆ ಮಾವ ಎರಡು ಹಲಗೆ ಮಾಡಿಸಿ ಕಾರಿನ ಬೆನ್ನಿಗೆ ಕಟ್ಟಿದ್ದರು. ಪಕ್ಕದಲ್ಲಿ ಕೂತವರು ಇಳಿದು, ಉಬ್ಬಿನ ಹಿಂದೆ ಮುಂದೆ ಹಲಗೆ ಹಾಸಿ, ಕಾರನ್ನು ಮೆರವಣಿಗೆಯಲ್ಲಿ ದಾಟಿಸಿ, ಹಲಗೆ ಎತ್ತಿ ಕಟ್ಟಿ, ಮತ್ತೆ ಹತ್ತಬೇಕು. ನನ್ನ ಬೇಸಿಗೆ ರಜೆಗಳೆಲ್ಲ ಸ್ಪೋರ್ಟ್ಸ್ ಕಾರಿನಲ್ಲೇ ಕಳೆದವು ಎಂದರೆ ಗೆಳತಿಯರು ಹೊಟ್ಟೆ ಉರಿದುಕೊಳ್ಳುತ್ತಾರೆ. ಕಳೆದದ್ದು ಕಾರಿನ ಮುಂದೆ, ಬಗ್ಗಿಕೊಂಡು ಎಂಬುದನ್ನು ನಾನು ಹೇಳುವುದಿಲ್ಲ.

ಅತ್ತೆ ಮಾತ್ರ ಆ ಕಾರನ್ನು ಹತ್ತುತ್ತಿರಲಿಲ್ಲ. ಮದುವೆಯ ಹೊಸತರಲ್ಲಿ ಅಲ್ಲ, ಮಂಡಿನೋವು ಶುರುವಾದ ಮೇಲೆ ಒಮ್ಮೆ ಹತ್ತಿದ್ದರು. ಹತ್ತಿದ್ದೇನು, ಇಳಿದಿದ್ದರು ಎನ್ನಬೇಕು. ಆ ಸೀಟು ಅಷ್ಟು ಕೆಳಗೆ. ಹರಿಹರೇಶ್ವರನ ಗುಡಿಯ ಮುಂದೆ ಹೊರಗೆ ಬರಲಾಗದೆ, ಹೂ ಮಾರುವ ಹೆಂಗಸರಿಬ್ಬರು ಕೈಹಿಡಿದು ಎಳೆದರಂತೆ. "ಬಾವಿಯಾಗ ಬಿದ್ದ ಕೊಡ ತೆಗೆದಂಗ ತೆಗೆದ್ರು ಯವ್ವಾ ನನ್ನ! ಜಾತ್ರಿ ಆಗಿಬಿಡ್ತು!" ಅಂದಿನಿಂದ ಪ್ರತಿ ಅಮಾವಾಸ್ಯೆಗೂ ಅತ್ತೆ ಹರಿಹರಕ್ಕೆ ಬಸ್ಸಿನಲ್ಲಿ, ಮಾವ ಕಾರಿನಲ್ಲಿ. ಹೊರಡುವುದು ಒಟ್ಟಿಗೇ. ನಾವು ಹಲಗೆ ಹಾಸುತ್ತ, ತೆಗೆಯುತ್ತ ತಲುಪುವ ಹೊತ್ತಿಗೆ ಅತ್ತೆ ಪೂಜೆ ಮುಗಿಸಿ, ಕಟ್ಟೆಯ ಮೇಲೆ ಕೂತು, ಅರ್ಧ ತೆಂಗಿನಕಾಯಿ ಮುರಿದು ತಿಂದಿರುತ್ತಿದ್ದರು.

"ಬಂತಾ ರೇಸ್ ಕಾರು?" ಇಷ್ಟೇ ಕೇಳುತ್ತಿದ್ದರು.

ಹಾಗೆಂದು ಅತ್ತೆ ಕೂರಬೇಕಾಗಿದ್ದ ಎಡ ಸೀಟು ಖಾಲಿ ಇರಲಿಲ್ಲ. ನಾನಿಲ್ಲದ ದಿನ ಅಲ್ಲಿ ಸ್ಪ್ಯಾನರ್ ಡಬ್ಬಿ ಕೂರುತ್ತಿತ್ತು.

ಹೀಗಿರುವಾಗ ಕಂಪನಿ ಆ ಕೆಲಸ ಮಾಡಿತು. ವರ್ಷಾನುಗಟ್ಟಲೆ ಸುಮ್ಮನಿದ್ದು, ಇದ್ದಕ್ಕಿದ್ದಂತೆ ಹೊಸ ಟೊರೆಲ್ಲೊ ಬರುತ್ತಿದೆ ಎಂದು ಸಾರಿತು. ನಾನೇ ಫೋನಿನಲ್ಲಿ ಮಾವನಿಗೆ ತೋರಿಸಿದೆ. ಹೊಗೆ, ದೀಪ, ತಮಟೆಯಂಥ ಸಂಗೀತ, ಪರದೆ ಸರಿಯಿತು. ಸರಿದರೆ ಏನಿದೆ? ನಾಲ್ಕು ಬಾಗಿಲಿನ, ಎತ್ತರದ, ಮೈಕೈ ತುಂಬಿಕೊಂಡ ಬ್ಯಾಟರಿ ಕಾರು! ಅತ್ತ ಜೀಪೂ ಅಲ್ಲ, ಇತ್ತ ಕಾರೂ ಅಲ್ಲ. ಅದನ್ನು ಕ್ರಾಸ್‌ಓವರ್ ಎನ್ನುತ್ತಾರಂತೆ. ಹಿಂಭಾಗದಲ್ಲಿ ಮಾತ್ರ ಅದೇ ಅಕ್ಷರಗಳು, ಅದೇ ಬಾಗು.

ಮಾವ ಫೋನನ್ನು ದೂರ ಹಿಡಿದು ನೋಡಿದರು, ಹತ್ತಿರ ತಂದು ನೋಡಿದರು.

"ಇದ್ಯಾರ್ಲೇ?"

"ಟೊರೆಲ್ಲೊ, ಮಾವ."

"ಹೋರಿ ಅಂತ ಹೆಸರು ಹೇಳಿ ಎಮ್ಮೆ ಮಾರಾಕ ಬಂದವ್ರಲ್ಲೋ!" ಎಂದು ಫೋನನ್ನು ನನ್ನ ಮಡಿಲಿಗೆ ಎಸೆದರು.

ಮರುದಿನದಿಂದ ಪ್ರತಿಭಟನೆ. ದಾವಣಗೆರೆಯಲ್ಲಿ ಪ್ರತಿಭಟನೆಗೆ ಧರಣಿ, ಬಂದ್ ಮುಂತಾದ ಸಾಮಾನ್ಯ ದಾರಿಗಳಿವೆ. ಮಾವ ಹಿಡಿದದ್ದು ಅತಿ ಕಠಿಣವಾದದ್ದನ್ನು. ಬೆಣ್ಣೆ ಬಿಟ್ಟರು! ದಿನಾ ಹೋಗುವ ಹೋಟೆಲಿನಲ್ಲಿ ಕೂತು, "ದೋಸೆ ಕೊಡಪಾ, ಬೆಣ್ಣೆ ಬ್ಯಾಡ" ಎಂದರು. ಸಪ್ಲೈಯರ್ ಹೆಗಲ ಬಟ್ಟೆ ತೆಗೆದು ಕೈಯಲ್ಲಿ ಹಿಡಿದು, ದನಿ ತಗ್ಗಿಸಿ ಕೇಳಿದನಂತೆ:

"ಯಾರು ಹೋದ್ರು ಸಾರ್?"

ಇದಾದ ವಾರದಲ್ಲಿ ಅತ್ತೆ ನನಗೆ ಫೋನ್ ಮಾಡಿದರು. ಅತ್ತೆ ಫೋನಿನಲ್ಲಿ ಯಾವಾಗಲೂ ಕೂಗುತ್ತಾರೆ. ಅಂದು ಪಿಸುಗುಟ್ಟಿದರು. ಆಗಲೇ ನನಗೆ ಹೆದರಿಕೆಯಾಯಿತು.

"ನಿಮ್ಮ ಮಾವನ ಎಡಗಾಲಾಗ ಶಕ್ತಿ ಇಲ್ಲ ಯವ್ವಾ. ಬೆನ್ನಿನ ನರ ಒತ್ತೈತಂತೆ. ಇನ್ನು ಕ್ಲಚ್ ತುಳಿಯೋ ಗಾಡಿ ಮುಟ್ಟಬ್ಯಾಡ್ರಿ ಅಂತ ಡಾಕ್ಟ್ರು ಹೇಳ್ಯಾರೆ. ಕ್ಲಚ್ ಇಲ್ಲದ್ದು ಓಡ್ಸಬಹುದಂತೆ."

"ಮಾವ ಏನಂದರು?"

"ಡಾಕ್ಟ್ರ ಜೋಡಿನೇ ವಾದಕ್ಕ ಕುಂತ್ರು. ಎರಡು ಕಾಲಾಗ ಒಂದು ಸರಿ ಐತಲ್ರೀ, ಅಲ್ಲಿಗೆ ಐವತ್ತು ಪರ್ಸೆಂಟ್ ಆತು, ಎಸ್ಸೆಸ್ಸೆಲ್ಸಿಯಾಗ ಮೂವತ್ತೈದಕ್ಕೇ ಪಾಸ್ ಮಾಡ್ತಾರೆ ಅಂದ್ರು!"

ನಗು ಬಂತು, ಆದರೆ ಅತ್ತೆ ನಗಲಿಲ್ಲ. ಮಾವ ಬೇರೆ ಯಾವ ಗಾಡಿಯ ಸ್ಟೀರಿಂಗನ್ನೂ ಮುಟ್ಟುವವರಲ್ಲ. ಟೊರೆಲ್ಲೊ ಬಿಟ್ಟು ಇನ್ನೊಂದು ಓಡಿಸುವುದಿಲ್ಲ ಎಂದು ಗುಡಿಯ ಮುಂದೆ ಆಣೆ ಮಾಡಿದ್ದಾರೆ. ಈಗ ಬಂದಿರುವ ಎಮ್ಮೆಗೆ ಕ್ಲಚ್ ಇಲ್ಲ. ಸೀಟು ಕುರ್ಚಿಯಷ್ಟು ಎತ್ತರ. "ಹೆಸರೂ ಅದೇ ಐತೆ ಯವ್ವಾ, ಆಣೆನೂ ಮುರಿಯಂಗಿಲ್ಲ. ಅಷ್ಟು ಕಪ್ಪು ಗೆದ್ದೀಯಲ್ಲ, ಹೆಂಗಾರ ಮಾಡಿ ಒಪ್ಸು."

ಅಮಾವಾಸ್ಯೆಗೆ ನಾನು ಮಾವನ ಜೊತೆ ಹಳೇ ಕಾರಿನಲ್ಲಿ ಹರಿಹರಕ್ಕೆ ಹೊರಟೆ. ಪರಿಸ್ಥಿತಿ ಕಣ್ಣಾರೆ ನೋಡದೆ ಯಾವ ಪಕ್ಷವನ್ನೂ ವಹಿಸಬಾರದು ಎಂಬುದು ನನ್ನ ನಿಯಮ. ಮಾವನ ತೊಡೆಯ ಮೇಲೆ ಒಂದು ಬಿಳಿ ಟವೆಲ್ ಇತ್ತು. ಬೆವರಿಗಿರಬೇಕು ಎಂದುಕೊಂಡೆ. ಮೊದಲ ಉಬ್ಬಿನ ಹತ್ತಿರ ನೋಡುತ್ತೇನೆ, ಟವೆಲ್ ತೊಡೆಯ ಮೇಲಿಲ್ಲ, ತೊಡೆಯ ಕೆಳಗಿನಿಂದ ಹಾದು ಎರಡು ತುದಿಯೂ ಗಂಟಾಗಿ ಮೇಲೆ ಬಂದಿದೆ! ಗೇರ್ ಬದಲಿಸಬೇಕಾದಾಗಲೆಲ್ಲ ಮಾವ ಆ ಗಂಟು ಹಿಡಿದು, ಬಾವಿಯ ಹಗ್ಗ ಜಗ್ಗಿದಂತೆ ಎಡಗಾಲನ್ನು ಮೇಲೆತ್ತಿ, ಕ್ಲಚ್ಚಿನ ಮೇಲೆ ಇಳಿಬಿಡುತ್ತಿದ್ದರು.

"ಮಾವ, ಇದೇನಿದು?"

"ಕ್ರೇನು."

ಎಡಗೈ ಟವೆಲಿಗೆ. ಬಲಗೈ ದೇಹದ ಮೇಲಿಂದ ಹಾದು ಗೇರಿಗೆ. ಹಾಗಾದರೆ ಸ್ಟೀರಿಂಗಿಗೆ ಯಾರ ಕೈ? ಸ್ವತಃ ಹರಿಹರೇಶ್ವರನ ಕೈ!

ಗುಡಿಗೆ ತಿರುಗುವ ಓಣಿಯ ಬಾಯಲ್ಲಿ ದೇವರು ಒಂದು ಕ್ಷಣ ಬೇರೆ ಕೆಲಸದಲ್ಲಿದ್ದ. ಮಾವ ಗಂಟು ಜಗ್ಗಿದರು, ಗಂಟು ಜಾರಿತು, ಕಾಲು ಸೀಟಿನ ಸಂದಿಯಲ್ಲಿ ಸಿಕ್ಕಿತು, ಅವರ ಎರಡೂ ಕೈ ಅಲ್ಲಿಗೇ ಹೋದವು. ಕಾರು ತನ್ನಷ್ಟಕ್ಕೆ ತಾನು ಎಡಕ್ಕೆ ಹೊರಳಿತು. ನಾನು ಸ್ಟೀರಿಂಗ್ ಹಿಡಿದೆ. ಮಾವನ ಬಲಗಾಲು ಬ್ರೇಕಿನ ಮೇಲೆ ಬಿತ್ತು. ಇಂಜಿನ್ ಕೆಮ್ಮಿ ನಿಂತಿತು. ಎದುರಿಗೆ, ಗಾಜಿಗೆ ಅಂಟಿದಂತೆ, ಒಂದು ಎಮ್ಮೆಯ ಮುಖ. ಆ ಕಾರು ಎಷ್ಟು ಕುಳ್ಳಗೆಂದರೆ ಎಮ್ಮೆ ನಮ್ಮನ್ನು ನೋಡಲು ತಲೆ ತಗ್ಗಿಸಬೇಕಾಯಿತು! ಅದರ ಹಗ್ಗ ಹಿಡಿದು, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು ಒಬ್ಬ ಮುದುಕಿ. ಕಾರಿನ ಮೂಗಿಗೂ ಅವಳ ಸೀರೆಯ ನೆರಿಗೆಗೂ ನಡುವೆ ಒಂದು ಗೇಣು ಜಾಗ.

"ಕಣ್ಣು ಎಲ್ಲಿ ಇಟ್ಕಂಡು ಬರ್ತೀರಿ ಯಜಮಾನ್ರೇ?" ಎಂದಳು ಮುದುಕಿ. ಹಗ್ಗವನ್ನು ಎರಡೂ ಕೈಗೆ ಸುತ್ತಿಕೊಂಡಳು.

ಮಾವ ಯಾವುದೇ ಮಾತಿಗೆ ಎದುರಾಡದೆ ಇದ್ದುದನ್ನು ನಾನು ನೋಡಿದ್ದು ಅಂದೇ. ಗುಡಿಯ ಕಟ್ಟೆಯ ಮೇಲಿದ್ದ ಅತ್ತೆ, "ಬಂತಾ ರೇಸ್ ಕಾರು?" ಎಂದಾಗಲೂ ಉತ್ತರಿಸಲಿಲ್ಲ. ವಾಪಸು ಬರುವಾಗ ಕಾರನ್ನು ವರ್ಕ್‌ಶಾಪಿನ ಹುಡುಗರು ಬಂದು ಒಯ್ದರು. ನಾವು ಮೂವರೂ ಬಸ್ಸು ಹತ್ತಿದೆವು.

ಆದರೆ ಬೆಳಗಾಗುವುದರೊಳಗೆ ಮಾವ ಮತ್ತೆ ಮಾವನೇ. ಟವೆಲಿಗೆ ಗಂಟು ಬೇಡ, ಕೊಕ್ಕೆ ಬೇಕು ಎಂದು ಲೇತಿನ ಮುಂದೆ ನಿಂತಿದ್ದರಂತೆ.

ಇನ್ನು ತಡಮಾಡುವಂತಿರಲಿಲ್ಲ. ಭಾನುವಾರ ಪಾಯಿಂಟುಗಳನ್ನೆಲ್ಲ ತಲೆಯಲ್ಲಿ ಜೋಡಿಸಿಕೊಂಡು ಆನೆಕೊಂಡಕ್ಕೆ ಹೋದೆ. ಮಂಡಿಸಬೇಕಾದದ್ದು ಹೊಸ ಟೊರೆಲ್ಲೊದ ಪರ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ತೀರ್ಪುಗಾರರಂತೆ ನಿಂತರು. ಮಾವ ಶುರು ಮಾಡಿದರು: "ಏನಂತೈತೆ ನಿನ್ ಎಮ್ಮೆ?"

ಈಗ ನೋಡಿ, ನನ್ನ ಜಾತಕದ ದೋಷ. ಬಾಯಿ ತೆರೆದೆ. ಕಂಪನಿಯ ಜಾಹೀರಾತು ಕಣ್ಣಮುಂದೆ ಬಂತು. 'ಅದೇ ಆತ್ಮ, ಹೊಸ ದೇಹ' ಎಂದು ಬರೆದಿದ್ದರು. ಆತ್ಮವಂತೆ! ನಾಲ್ಕು ಬಾಗಿಲಿನ ಆತ್ಮ! ಮೈ ಉರಿದುಹೋಯಿತು.

"ಮಾವ, ಇದು ಹಗಲು ದರೋಡೆ!" ಎಂದೆ. "ಹಳೇ ಕಾರು ಗಳಿಸಿದ ಹೆಸರನ್ನು, ಏನೂ ಗಳಿಸದ ಹೊಸದಕ್ಕೆ ಅಂಟಿಸಿದ್ದಾರೆ. ಇಂಜಿನ್ನೇ ಇಲ್ಲದ ಕಾರಿಗೆ ಸ್ಪೀಕರಿನಲ್ಲಿ ಹಳೇ ಇಂಜಿನ್ನಿನ ಸದ್ದು ಹಾಕುತ್ತಾರಂತೆ, ನಾಚಿಕೆ ಬೇಡವೇ? ಓಟಗಾರನ ಬನಿಯನ್ ಹಾಕಿಕೊಂಡರೆ ಯಾರಾದರೂ ಓಟಗಾರರಾಗುತ್ತಾರೆಯೇ? ನೀವು ಹೇಳಿದ್ದು ನೂರಕ್ಕೆ ನೂರು ಸರಿ!"

ಅಡುಗೆಮನೆಯಲ್ಲಿ ಸೌಟು ಬಿತ್ತು. ಬೀಳಲಿಲ್ಲ, ಬೀಳಿಸಿದರು. ಹಿಂದೆಯೇ ತಟ್ಟೆ. ಅಷ್ಟರಲ್ಲಿ ನನಗೂ ನೆನಪಾಯಿತು, ನಾನು ಬಂದದ್ದು ಎದುರು ಪಕ್ಷಕ್ಕೆ ಎಂದು. ಮುಗಿಯಿತು ಎಂದುಕೊಂಡೆ. ಆ ಓಣಿ, ಆ ಗೇಣು ಜಾಗ ಕಣ್ಣಿಗೆ ಕಟ್ಟಿತು.

ಆದರೆ ಮಾವ ತೋಳು ಕೆರೆದುಕೊಂಡರು. ಕತ್ತು ಕೆರೆದುಕೊಂಡರು. ಒಪ್ಪಿಗೆ ಕೆಲಸ ಶುರುಮಾಡಿತ್ತು!

"ಏನ್ ಗಳಿಸಿಲ್ಲ?" ಎಂದರು ನಿಧಾನವಾಗಿ. "ನೀ ಹುಟ್ಟಿದಾಗ ಏನ್ ಗಳಿಸಿದ್ದೆ? ನಿಮ್ಮಪ್ಪ ಅಡ್ಡಹೆಸರು ಕೊಡ್ಲಿಲ್ವಾ?"

"ಅದು ಬೇರೆ ಮಾವ. ಇದರಲ್ಲಿ ಹಳೇ ಕಾರಿನ ಒಂದು ಬೋಲ್ಟೂ ಇಲ್ಲ."

"ನನ್ ಕಾರಿನಾಗ ಐತಾ? ಅದರಾಗ ಇರೋದೆಲ್ಲ ಕರೂರಿಂದು. ಹಂಗಂತ ಅದು ಟೊರೆಲ್ಲೊ ಅಲ್ವಾ?"

"ಅದು ಜೀಪೂ ಅಲ್ಲ, ಕಾರೂ ಅಲ್ಲ ಮಾವ! ಅರ್ಧಂಬರ್ಧ!"

"ಹರಿಹರದ ದೇವರಿಗೆ ಕೈಮುಗಿದು ಬಂದು ಅರ್ಧಂಬರ್ಧ ಅಂತ ತಕರಾರು ತೆಗೀತೀಯಾ? ಅಲ್ಲಿ ಕುಂತಿರೋನು ಅರ್ಧ ಹರ, ಅರ್ಧ ಹರಿ! ನಮ್ ದೇವರೇ ಕ್ರಾಸ್‌ಓವರು!"

ಅಡುಗೆಮನೆಯ ಸದ್ದು ನಿಂತಿತು. ನಾನು ಬಿಡುವವಳೇ? ಅಷ್ಟು ಹೊತ್ತಿಗೆ ನಿಜವಾಗಿಯೂ ರೇಗಿತ್ತು. "ಹೆಸರು ಇಟ್ಟಿದ್ದು ಮಾರುವುದಕ್ಕೆ ಮಾವ, ಪ್ರೀತಿಗಲ್ಲ. ಹಳೆಯದರ ಹೆಸರು ಹೊಸದಕ್ಕೆ ಯಾಕೆ ಬೇಕು, ಹೇಳಿ ನೋಡೋಣ!"

ಮಾವ ಎಡಗಾಲನ್ನು ಕೈಯಿಂದ ಎತ್ತಿ ಜಗುಲಿಯ ಮೇಲೆ ಇಟ್ಟುಕೊಂಡರು.

"ನಮ್ಮಪ್ಪ ಬೇಸಾಯ ಮಾಡ್ತಿದ್ದಾಗ ನೊಗದ ಎಡಕ್ಕಿರೋ ಎತ್ತಿಗೆ ಸಾರಂಗ, ಬಲಕ್ಕಿರೋದಕ್ಕೆ ಮಾಲಿಂಗ ಅಂತಿದ್ದ. ನಾ ಕಂಡಂಗ ಎಷ್ಟೋ ಎತ್ತು ಬಂದ್ವು, ಹೋದ್ವು. ಹೆಸರು ಮಾತ್ರ ಅವೇ. ಒಂದ್ಸಲ ಎಡದ ಎತ್ತು ಸತ್ತೋತು. ಹೊಸದು ತಂದ್ವಿ. ಬಿಳೇದು, ಕೋಡು ಮೊಂಡು, ಹಳೇದಕ್ಕೂ ಇದಕ್ಕೂ ಏನೇನೂ ಸಂಬಂಧ ಇಲ್ಲ. ನಾ ಸಾಲಿ ಕಲಿತೋನಲ್ವಾ, ನಿನ್ನಂಗೇ ಕೇಳ್ದೆ. ಇದು ಸಾರಂಗ ಹೆಂಗಾಗ್ತೈತೆ ಅಪ್ಪಾ, ಬ್ಯಾರೆ ಹೆಸರಿಡು ಅಂತ."

"ಏನಂದರು?"

"ಹೆಸರು ಸತ್ತಿದ್ದಕ್ಕೂ ಅಲ್ಲ, ಬಂದಿದ್ದಕ್ಕೂ ಅಲ್ಲ ಕಣಲೇ ಅಂದ. ಉಳಿದೈತಲ್ಲ ಮಾಲಿಂಗ, ಅದಕ್ಕೆ. ಇಷ್ಟು ವರ್ಷ ಪಕ್ಕದಾಗ ಆ ಹೆಸರು ಕೇಳ್ಕಂಡೇ ಹೆಜ್ಜೆ ಹಾಕೈತೆ. ಬ್ಯಾರೆ ಹೆಸರು ಕೂಗಿದ್ರೆ ನಿಂತು ಪಕ್ಕ ತಿರುಗಿ ನೋಡ್ತೈತೆ, ಎಲ್ಲೋದ ಅಂತ. ಹೊಲ ಉಳೋದು ಹೆಂಗೆ?"

ಚರ್ಚಾಸ್ಪರ್ಧೆಯಲ್ಲಿ ಪ್ರತಿವಾದಕ್ಕೆ ಸಮಯ ಕೊಡುತ್ತಾರೆ. ನನಗೆ ಬೇಕಾಗಲಿಲ್ಲ. ಕಂಪನಿಯ ಬಗ್ಗೆ ನಾನು ಹೇಳಿದ ಒಂದು ಮಾತನ್ನೂ ಇಂದಿಗೂ ಹಿಂತೆಗೆದುಕೊಂಡಿಲ್ಲ. ಅವರು ಹೆಸರು ಇಟ್ಟದ್ದು ಮಾರುವುದಕ್ಕೇ. ಆದರೆ ಅಂದು ಸೋತು ಎದ್ದಾಗ ಬಂದ ನೆಮ್ಮದಿಯ ಉಸಿರು ಯಾವ ಕಪ್ಪು ಗೆದ್ದಾಗಲೂ ಬಂದದ್ದಿಲ್ಲ. ಅತ್ತೆ ಉಪ್ಪಿಟ್ಟಿನ ತಟ್ಟೆ ತಂದು ನನ್ನ ಮುಂದಿಟ್ಟರು. ಗೆದ್ದ ಮಾವನಿಗೆ ಏನೂ ಇಲ್ಲ. ನನ್ನ ತಟ್ಟೆಯಲ್ಲಿ ಅಂಗೈಯಗಲ ಬೆಣ್ಣೆ!

ಹೊಸ ಟೊರೆಲ್ಲೊ ಹುಬ್ಬಳ್ಳಿಯಿಂದ ಬಂತು. ಷೋರೂಮಿನ ಹುಡುಗ ಎಲ್ಲವನ್ನೂ ವಿವರಿಸಿ, "ಬೇರೆ ಏನಾದ್ರೂ ಡೌಟ್ ಐತಾ ಸಾರ್?" ಎಂದರೆ ಮಾವ ಎಡಗಾಲ ಕೆಳಗೆ ತಡಕಾಡಿ, "ಈ ಕಾಲಿಗೆ ಏನ್ ಕೆಲ್ಸ ಕೊಟ್ಟೀರಿ?" ಎಂದರು. "ಏನೂ ಇಲ್ಲ ಸಾರ್, ಆರಾಮಾಗಿ ಇಡ್ರಿ." "ಸಂಬಳ ಇಲ್ದೆ ಕೂಡ್ಸಬಾರ್ದಪಾ ಯಾರನ್ನೂ" ಎಂದರು ಮಾವ. ಸ್ಪೀಕರಿನ ಇಂಜಿನ್ ಸದ್ದನ್ನು ಅವನು ನಾಚುತ್ತಲೇ ಹಾಕಿ ತೋರಿಸಿದ. ನಾನು ಕಿವಿ ಮುಚ್ಚಿಕೊಂಡೆ. ಮಾವ ಮಾತ್ರ, "ಇರ್ಲಿ ಬಿಡು. ಸಾರಂಗ ಸತ್ತಾಗ ಕೊರಳ ಗಂಟೆನೂ ಹೊಸದಕ್ಕೇ ಕಟ್ಟಿದ್ವಿ" ಎಂದರು. ಹಳೇ ಹೋರಿ ಈಗ ವರ್ಕ್‌ಶಾಪಿನ ಮೂಲೆಯಲ್ಲಿ ತಾಡಪಾಲು ಹೊದ್ದು ಮಲಗಿದೆ. ಕೋಳಿಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಮುಂದಿನ ಅಮಾವಾಸ್ಯೆಗೆ ಹರಿಹರಕ್ಕೆ ಹೊರಟೆವು. ಮಾವ ಸ್ಟೀರಿಂಗಿಗೆ. ಎಡ ಸೀಟಿಗೆ ಅತ್ತೆ, ಕುರ್ಚಿಗೆ ಕೂತಷ್ಟು ಸಲೀಸಾಗಿ. ನಾನು ಹಿಂದೆ. ಹಿಂದೆ ಎಂಬುದೊಂದು ಇದೆ ಈ ಕಾರಿಗೆ! ಮೊದಲ ಉಬ್ಬು ಬಂತು. ಮಾವ ನಿಲ್ಲಿಸಿದರು. "ಹೂಂ, ಇಳಿ" ಎಂದರು. ನಾನು ಬಾಗಿಲು ತೆಗೆದು ಒಂದು ಕಾಲು ನೆಲಕ್ಕಿಟ್ಟೂ ಆಗಿತ್ತು.

"ಎಲ್ಲಿಗೆ ಹೊಂಟಿ ಯವ್ವಾ?" ಎಂದರು ಅತ್ತೆ. ಮೂವರೂ ಒಬ್ಬರನ್ನೊಬ್ಬರು ನೋಡಿದೆವು. ಎಮ್ಮೆ ಉಬ್ಬನ್ನು ಮೆಲ್ಲಗೆ ಹತ್ತಿ ಇಳಿಯಿತು. ಹೊಟ್ಟೆ ಎಲ್ಲೂ ತಾಗಲಿಲ್ಲ. ಅತ್ತೆ ಬಾಯಿಗೆ ಸೆರಗು ಇಟ್ಟುಕೊಂಡು ಹರಿಹರ ಬರುವವರೆಗೂ ನಕ್ಕರು.

ಗುಡಿಯ ಓಣಿಯ ಬಾಯಲ್ಲಿ ಅದೇ ಮುದುಕಿ, ಅದೇ ಎಮ್ಮೆ. ಈ ಸಲ ನಾವು ದೂರದಲ್ಲೇ ನಿಂತೆವು. ಅವಳು ಕಾರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹೊಸಾದೇನ್ರಿ ಯಜಮಾನ್ರೇ?"

"ಅಲ್ಲಬೇ, ಅದೇ" ಎಂದರು ಮಾವ. "ಹೋರಿ."

"ಹೋರಿ? ನಮ್ ಎಮ್ಮಿಗಿಂತ ದಪ್ಪ ಐತೆ!" ಎನ್ನುತ್ತ ದಾಟಿ ಹೋದಳು.

ಮುಂದೆ ಹೋಗಬೇಕು. ಮಾವನ ಎಡಗೈ ಅಭ್ಯಾಸದಂತೆ ತೊಡೆಯ ಮೇಲಿನ ಗಂಟಿಗೆ ಹೋಯಿತು. ಗಂಟು ಇರಲಿಲ್ಲ. ಕೈ ಗಾಳಿಯಲ್ಲಿ ನಿಂತಿತು. ಮುಂದೆ ಏನು ಮಾಡಬೇಕೆಂದು ಆ ಕೈಗೆ ತಿಳಿಯಲಿಲ್ಲ. ಮಾವ ತಿರುಗಿ ಪಕ್ಕಕ್ಕೆ ನೋಡಿದರು.

ಆ ಬಿಳಿ ಟವೆಲ್ ಅತ್ತೆಯ ಮಡಿಲಲ್ಲಿತ್ತು, ಗಂಟು ಬಿಚ್ಚಿ, ಒಗೆದು, ಹರಡಿ. ಅದರ ಮೇಲೆ ಮಂಡಕ್ಕಿ, ಎರಡು ಮೆಣಸಿನಕಾಯಿ ಬಜ್ಜಿ. ಅತ್ತೆ ಒಂದು ಹಿಡಿ ಮಂಡಕ್ಕಿ ತೆಗೆದು ಆ ಖಾಲಿ ಅಂಗೈಗೆ ಸುರಿದು, ಬೆರಳು ಮಡಿಸಿದರು.

"ನಿಮ್ ಕಾರಿನಾಗ ಕುಂತು ತಿನ್ಬೇಕಂತ ಬಾಳ ದಿನದಿಂದ ಆಸೆ ಇತ್ರಿ" ಎಂದರು. "ಈಗ ಸರಿ ಹೋತು ನೋಡ್ರಿ."

ನಾನು ಹಿಂದಿನ ಸೀಟಿನಲ್ಲಿ ಉಸಿರು ಹಿಡಿದು ಕೂತೆ. ಈಗ ಶುರುವಾಗುತ್ತದೆ, ಸರಿ ಹೆಂಗಾತು, ಎಲ್ಲಿ ಸರಿ ಐತೆ ಎಂದು.

ಮಾವ ಮಂಡಕ್ಕಿ ಬಾಯಿಗೆ ಹಾಕಿಕೊಂಡರು.

"ಹೂಂ" ಎಂದರು. "ಸರಿ ಹೋತು."